ಟ್ರೈಲರ್‌ಗೂ ಒಂದು ನೈಋತ್ಯ ಮೂಲೆ

ನನ್ನ ಹೆಂಡತಿ ಕುಮಾರಿಗೆ ನನ್ನ ಮೇಲಿರುವ ದೂರುಗಳಲ್ಲಿ ಅತಿ ದೊಡ್ಡದು ಸದಾ ಮನೆಯ ಮುಂದೆಯೇ ನಿಂತಿರುತ್ತದೆ. ಅದಕ್ಕೆ ನಾಲ್ಕು ಚಕ್ರ, ಒಂಬತ್ತು ಸೀಟು. ಊಟಿಗೆ ಪ್ರವಾಸಿಗರನ್ನು ಹೊತ್ತು ಹೊತ್ತು ಸುಸ್ತಾಗಿದ್ದ ಆ ಗಾಡಿಯನ್ನು ಟ್ಯಾಕ್ಸಿಯವರೊಬ್ಬರಿಂದ ಕೊಂಡು ತಂದ ದಿನ, ಕುಮಾರಿ ಬಾಗಿಲಲ್ಲಿ ನಿಂತು ಅದನ್ನು ಮೂತಿಯಿಂದ ಬಾಲದವರೆಗೂ ನೋಡಿದಳು. ನೋಡಿ ಮುಗಿಸುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, ಮನೆಯಲ್ಲಿರುವುದು ಮೂರು ಜನ, ಉಳಿದ ಆರು ಸೀಟಿಗೆ ನಾನು ಇನ್ನೂ ಮಕ್ಕಳನ್ನು ಹೆರಬೇಕೇನು ಎಂದು ಕೇಳಿದಳು. (ನಾನು ಉತ್ತರ ಕೊಡಲಿಲ್ಲ. ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡದೆ ಇದ್ದುದರಿಂದಲೇ ನಮ್ಮ ದಾಂಪತ್ಯ ಇಷ್ಟು ವರ್ಷ ಬಾಳಿ ಬಂದಿದೆ.)

ನನಗಾದರೋ ಆ ಗಾಡಿ ಎಂದರೆ ಪ್ರಾಣ. ಬದನಗುಪ್ಪೆಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ದಿನವಿಡೀ ನಟ್ಟು ಬೋಲ್ಟುಗಳ ಲೆಕ್ಕ ಒಪ್ಪಿಸುವ ಮಲ್ಲೇಶ ಎಂಬ ಈ ಬಡಪಾಯಿ, ಸಂಜೆ ಆ ಎತ್ತರದ ಸೀಟಿನಲ್ಲಿ ಕೂತು ಚಾಮರಾಜನಗರದ ಬೀದಿಗಿಳಿದರೆ ಸಾಕು, ಸಾಕ್ಷಾತ್ ಚಕ್ರವರ್ತಿಯಾಗಿಬಿಡುತ್ತಿದ್ದ. ಚಕ್ರವರ್ತಿಗೆ ಗಾಡಿ ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ನಮ್ಮ ಬಾಡಿಗೆ ಮನೆಯ ಗಲ್ಲಿಯಲ್ಲಿ ಅದು ನಿಂತಿತೆಂದರೆ ಎದುರು ಮನೆಯವರು ಬಾಗಿಲನ್ನು ಅರ್ಧ ತೆರೆದು ಓರೆಯಾಗಿ ಹೊರಗೆ ಬರಬೇಕಿತ್ತು. ಕುಮಾರಿ ಬಾನೆಟ್ಟಿನ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು, ಹಿಂದಿನ ಸೀಟುಗಳ ಮೇಲೆ ಈರುಳ್ಳಿ ಹರಡುತ್ತಿದ್ದಳು. ಈ ಗಾಡಿಯಿಂದ ಆಗುವ ಉಪಕಾರ ಇಷ್ಟೇ ಎಂದು ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದಳು.

ಹೀಗಿರುವಾಗ ಹೈಸ್ಕೂಲ್ ಟೀಚರ್ ಆಗಿರುವ ಅವಳಿಗೆ ಗುಂಡ್ಲುಪೇಟೆಗೆ ವರ್ಗವಾಯಿತು. ಅಲ್ಲಿನ ಹೊಸ ಬಡಾವಣೆಯಲ್ಲಿ ನಾವು ಕಟ್ಟಿಸುತ್ತಿದ್ದ ಮನೆಯೂ ಅಂತೂ ಇಂತೂ ಮುಗಿದು ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ಬೆಳಿಗ್ಗೆ ಒಂಬತ್ತೂವರೆಯೊಳಗೆ ಹಾಲುಕ್ಕಬೇಕು ಎಂದು ಪೂಜೆ ಮಾಡಿಸುವ ಅಯ್ನೋರು ಹೇಳಿದರು. ಅದಕ್ಕೆ ಮೊದಲು ನನ್ನ ಅತ್ತೆ ಗುರುಮಲ್ಲಮ್ಮನವರು ಉಮ್ಮತ್ತೂರಿನಿಂದ ಕೊಡಲಿದ್ದ ಒರಳುಕಲ್ಲು ಒಳಗೆ ಹೋಗಬೇಕಂತೆ. ತವರಿನ ಕಲ್ಲು ಹೊಸ್ತಿಲು ದಾಟದೆ ಮಗಳ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂಬುದು ಅವರ ಮನೆತನದ ಪದ್ಧತಿ. ಆ ಕಲ್ಲಿನ ಜೊತೆಗೆ ತಾಮ್ರದ ಹಂಡೆ, ಅಡುಗೆಯ ಪಾತ್ರೆಗಳು, ಅಕ್ಕಿ ಮೂಟೆ, ಕಬ್ಬಿಣದ ಬೀರು, ದೇವರ ಪಟಗಳು. ಒಂದು ಗೂಡ್ಸ್ ಆಟೋ ಹೇಳಿಬಿಡಿ ಎಂದಳು ಕುಮಾರಿ.

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಮನೆಯ ಮುಂದೆ ಆನೆಯನ್ನೇ ಕಟ್ಟಿಕೊಂಡು ಗೂಡ್ಸ್ ಆಟೋ ಹೇಳುವುದೇ? ಗಾಡಿಗೆ ಒಂದು ಟ್ರೈಲರ್ ಸಿಕ್ಕಿಸಿದರೆ ಜನ ಒಳಗೆ, ಸಾಮಾನು ಹಿಂದೆ, ಒಂದೇ ಸವಾರಿಯಲ್ಲಿ ಎಲ್ಲವೂ ಗುಂಡ್ಲುಪೇಟೆ ಸೇರುತ್ತದೆ. ನಾನು ಇದನ್ನು ವಿವರಿಸಿ ಮುಗಿಸುವವರೆಗೂ ಕುಮಾರಿ ಸೊಪ್ಪು ಬಿಡಿಸುತ್ತಾ ಕೇಳಿದಳು.

"ಆಯ್ತು ರೀ. ಒಂಬತ್ತೂವರೆಗೆ ಕಲ್ಲು ಮನೆಯೊಳಗೆ ಬಂದ್ರೆ ನಿಮ್ಮ ಗಾಡಿ ಇರಲಿ. ಬರದೇ ಹೋದ್ರೆ ಮಾರಿಬಿಡೋಣ. ಮತ್ತೆ ಮಾತಾಡಂಗಿಲ್ಲ."

ಒಪ್ಪಿಕೊಂಡೆ. ಅಲ್ಲಿಗೆ ನನ್ನ ಚಕ್ರಾಧಿಪತ್ಯ ಒಂದು ಒರಳುಕಲ್ಲಿನ ಮೇಲೆ ನಿಂತಿತು.

ನಮ್ಮ ಚಿಕ್ಕಪ್ಪನ ಮಗ ಮಹಾಲಿಂಗನದು ತೆರಕಣಾಂಬಿಯಲ್ಲಿ ವೆಲ್ಡಿಂಗ್ ಅಂಗಡಿ. ಅವನ ಬಳಿ ಎರಡು ಚಕ್ರದ, ನಂಬರು ಕಾಗದಪತ್ರ ಎಲ್ಲ ಸರಿಯಾಗಿದ್ದ ಒಂದು ಟ್ರೈಲರ್ ಇತ್ತು. ಅವನೇ ಗಾಡಿಯ ಹಿಂದೆ ಕೊಂಡಿ ಕೂರಿಸಿದ, ಕೊಂಡಿ ಕಳಚಿದರೂ ಹಿಡಿದುಕೊಳ್ಳಲೆಂದು ಸರಪಳಿ ಹಾಕಿದ, ಬ್ರೇಕ್ ಲೈಟು ಇಂಡಿಕೇಟರುಗಳ ವೈರು ಎಳೆದುಕೊಟ್ಟ. ನಾನೂ ಸುಮ್ಮನೆ ಕೂರಲಿಲ್ಲ. ಫೋನಿನಲ್ಲಿ ಸಿಕ್ಕಿದ ವಿಡಿಯೋಗಳನ್ನೆಲ್ಲ ನೋಡಿ ಟ್ರೈಲರ್ ಶಾಸ್ತ್ರದಲ್ಲಿ ಪಂಡಿತನಾದೆ. ಮುಂದಿನ ವಾಹನದಿಂದ ದುಪ್ಪಟ್ಟು ದೂರ ಬಿಡಬೇಕು, ತಿರುವಿನಲ್ಲಿ ಅಗಲವಾಗಿ ಹೋಗಬೇಕು, ಟ್ರೈಲರ್ ತೂಗಾಡಿದರೆ ಗಾಬರಿಯಿಂದ ಬ್ರೇಕ್ ಒತ್ತದೆ ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಬೇಕು. ಊಟಕ್ಕೆ ಕೂತಾಗಲೆಲ್ಲ ಇವನ್ನು ಹೆಂಡತಿ ಮಗಳಿಗೆ ಉಪದೇಶಿಸಿದೆ. ಮಗಳು ಶಿವಾನಿ ತಟ್ಟೆ ಎತ್ತಿಕೊಂಡು ಟಿ.ವಿ. ಮುಂದೆ ಹೋಗಿ ಕೂರುವುದನ್ನು ರೂಢಿಸಿಕೊಂಡಳು.

ಎಲ್ಲದಕ್ಕಿಂತ ಮುಖ್ಯವಾದದ್ದನ್ನು ಮಹಾಲಿಂಗ ಬಿಡಿಸಿ ಹೇಳಿದ್ದ.

"ಮಲ್ಲೇಶಣ್ಣ, ಒಂದ್ ಮಾತ ನೆಪ್ಪಲ್ಲಿ ಮಡೀಕೊ. ಬಾರ ಚಕ್ರಕ್ಕಿಂತ ವಸಿ ಮುಂದ್ಕೆ ಇರ್ಲಿ. ಹಿಂದ್ಕೆ ಏರ್‍ಬುಟ್ರೆ ಟ್ರೈಲರ್ ಬಾಲ ಅಲ್ಲಾಡುಸ್ತದೆ. ಆಮೇಲೆ ಗಾಡಿ ಓಡುಸೋದು ಅದು, ನೀನಲ್ಲ."

ರಿವರ್ಸಿನ ವಿಷಯ ಮಾತ್ರ ನನ್ನ ಪಾಂಡಿತ್ಯಕ್ಕೆ ನಿಲುಕಲಿಲ್ಲ. ಟ್ರೈಲರ್ ಕಟ್ಟಿಕೊಂಡು ಹಿಂದಕ್ಕೆ ಹೋಗುವಾಗ ಎಡಕ್ಕೆ ಬೇಕಾದರೆ ಬಲಕ್ಕೆ ತಿರುಗಿಸಬೇಕು. ಖಾಲಿ ಮೈದಾನದಲ್ಲಿ ಒಂದು ಭಾನುವಾರವಿಡೀ ಪ್ರಯತ್ನಿಸಿದೆ. ಮೈದಾನದಲ್ಲಿ ಇದ್ದದ್ದು ಒಂದೇ ಕಂಬ. ಟ್ರೈಲರ್ ಎಲ್ಲಿಂದ ಹೊರಟರೂ ಅದರ ಹತ್ತಿರವೇ ಬಂದು ನಿಲ್ಲುತ್ತಿತ್ತು. ಕೊನೆಗೆ, ಹಿಂದಕ್ಕೆ ಹೋಗುವ ಪ್ರಸಂಗವೇ ಬಾರದಂತೆ ಬಾಳುವುದು ಜಾಣತನ ಎಂದು ತೀರ್ಮಾನಿಸಿ ಮನೆಗೆ ಬಂದೆ.

ಗೃಹಪ್ರವೇಶದ ದಿನ ಬೆಳಕು ಹರಿಯುವಾಗಲೇ ಅತ್ತೆ ಮಾವ ಕಲ್ಲಿನೊಂದಿಗೆ ಬಂದರು. ಮಾವ ಮರಿಮಲ್ಲಪ್ಪನವರು ಉಮ್ಮತ್ತೂರಿನಲ್ಲಿ ತೋಟ ಗದ್ದೆ ಇರುವ ಭಾರಿ ಕುಳ. ಆಳು ಕೂಡ ಭಾರಿಯೇ. ಒಮ್ಮೆ ವಾಸ್ತುವಿನವರು ಹೇಳಿದ ಮೂಲೆಯಲ್ಲಿ ಬೋರು ಕೊರೆಸಿ ನೀರು ಬಂದಾಗಿನಿಂದ ಅವರಿಗೆ ವಾಸ್ತುವಿನ ಹುಚ್ಚು ಹತ್ತಿತ್ತು. ನಮ್ಮ ಹೊಸ ಮನೆಯ ಸ್ನಾನದ ಮನೆ ಈಗಿರುವ ಕಡೆಗೆ ಬಂದದ್ದೂ ಅವರಿಂದಲೇ. (ಅಲ್ಲಿಗೆ ಹೋಗಲು ಅಡುಗೆಮನೆಯನ್ನು ದಾಟಿಕೊಂಡು ಹೋಗಬೇಕು. ಟವೆಲ್ಲು ಸುತ್ತಿಕೊಂಡವರು ನೆಂಟರಿಲ್ಲದ ಸಮಯ ನೋಡಿಕೊಂಡು ಹೊರಡಬೇಕು.)

ನಾಲ್ಕು ಆಳುಗಳು ಉಸ್ಸಪ್ಪಾ ಎಂದು ಒರಳುಕಲ್ಲನ್ನು ಇಳಿಸಿದರು. ಅದನ್ನು ಟ್ರೈಲರಿನ ಮುಂಭಾಗಕ್ಕೆ ಏರಿಸಿ ಎಂದು ನಾನು ಹೇಳುವಷ್ಟರಲ್ಲಿ ಮಾವ ಕೈ ಅಡ್ಡ ಹಿಡಿದರು. ಗಾಡಿ ಪೂಜೆಗೆಂದು ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಅವರು ಟ್ರೈಲರನ್ನು ಒಂದು ಸುತ್ತು ಬಂದು ಬಲಗಡೆಯ ಹಿಂದಿನ ಮೂಲೆಯನ್ನು ತಟ್ಟಿ ತೋರಿಸಿದರು.

"ಬಾರ ಅನ್ನೋದು ನೈಋತ್ಯದಲ್ಲೇ ಇರ್ಬೇಕು ಕಣ್ರಪ್ಪ ಅಳಿಯಂದ್ರೇ. ಮನೆಯಾದ್ರೇನು, ಗಾಡಿಯಾದ್ರೇನು, ಮೂಲೆ ಮೂಲೆಯೇ ತಾನೆ."

ನಾನು ಕೊಂಡಿ, ತೂಕ, ಬಾಲ ಎಂದೆಲ್ಲ ಶುರುಮಾಡಿದೆ. ಮಾವ ಕೇಳಿಸಿಕೊಳ್ಳುತ್ತಲೇ ಬೀರುವನ್ನೂ ಆ ಕಡೆಗೇ ಏರಿಸಿದರು, ಅಕ್ಕಿ ಮೂಟೆಯನ್ನೂ ಏರಿಸಿದರು. ಮುಂದಿನ ಎಡಮೂಲೆ ಈಶಾನ್ಯ, ಅಲ್ಲಿ ಹಗುರಾಗಿರಬೇಕು ಎಂದು ಒಂದು ಕಳಶದಲ್ಲಿ ನೀರಿಟ್ಟರು. ಕುಮಾರಿಯ ಕಡೆ ನೋಡಿದೆ. ಅಪ್ಪನ ಎದುರು ವಾದ ಮಾಡಿ ಒಳ್ಳೆ ದಿನ ಕೆಡಿಸಬೇಡಿ ಎಂದು ಅವಳ ಕಣ್ಣು ಹೇಳಿತು. ಅಳಿಯನಾದವನ ಪಾಂಡಿತ್ಯಕ್ಕೆ ಇರುವ ಬೆಲೆ ನನಗೆ ಗೊತ್ತಿದ್ದದ್ದೇ. ಸುಮ್ಮನೆ ಹಗ್ಗ ಬಿಗಿದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟೆ.

ಗಲ್ಲಿ ದಾಟುವವರೆಗೂ ಏನೂ ಗೊತ್ತಾಗಲಿಲ್ಲ. ಊರು ಬಿಟ್ಟು ತೆರಕಣಾಂಬಿ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದದ್ದೇ ತಡ, ಹಿಂದಿನಿಂದ ಯಾರೋ ಗಾಡಿಯ ಸೊಂಟ ಹಿಡಿದು ಕುಣಿಸಿದಂತಾಯಿತು. ಟ್ರೈಲರಿನ ಹಿಂಭಾರಕ್ಕೆ ಅದರ ಮೂತಿ ಮೇಲೆದ್ದು, ಕೊಂಡಿಯ ಮೂಲಕ ನನ್ನ ಗಾಡಿಯ ಹಿಂಭಾಗವನ್ನೇ ಎತ್ತಿ ಹಿಡಿದಿತ್ತು. ಕನ್ನಡಿಯಲ್ಲಿ ನೋಡಿದರೆ ಟ್ರೈಲರ್ ಎಡಗನ್ನಡಿಯಲ್ಲಿ ಒಮ್ಮೆ, ಬಲಗನ್ನಡಿಯಲ್ಲಿ ಒಮ್ಮೆ ಇಣುಕುತ್ತಿತ್ತು. ಅಷ್ಟರಲ್ಲಿ ಒಂದು ಬಸ್ಸು ಭರ್ರೆಂದು ಪಕ್ಕದಲ್ಲಿ ಹಾದುಹೋಯಿತು. ಅದರ ಗಾಳಿಗೆ ನಾವೆಲ್ಲ ಒಟ್ಟಾಗಿ ಒಂದು ಸಲ ವಾಲಿದೆವು. ಅತ್ತೆ ಬೆಟ್ಟದ ಮಾದಪ್ಪನನ್ನು ನೆನೆದರು. ನನಗೆ ನಿಜಕ್ಕೂ ಭಯವಾಯಿತು. ಕಾಲು ಬ್ರೇಕಿನ ಮೇಲೆ ಹೋಗುತ್ತಿದ್ದುದನ್ನು ತಡೆದು, ಸ್ಟೀರಿಂಗ್ ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟು, ಒಂದು ಟೀ ಅಂಗಡಿಯ ಪಕ್ಕ ನಿಲ್ಲಿಸಿದೆ.

ಕಲ್ಲನ್ನು ಮುಂದಕ್ಕೆ ತರದೆ ಒಂದು ಗಾಲಿಯನ್ನೂ ಉರುಳಿಸುವುದಿಲ್ಲ ಎಂದೆ. ಪೂಜೆಯಾದ ಕಲ್ಲನ್ನು ಜಾಗ ಬಿಟ್ಟು ಅಲ್ಲಾಡಿಸುವುದಿಲ್ಲ ಎಂದರು ಮಾವ. ನಾನು ಚಹಾ ಕುಡಿದೆ, ಅವರೂ ಕುಡಿದರು. ಹೊತ್ತು ಮಾತ್ರ ನಮಗಾಗಿ ಕಾಯುತ್ತಿರಲಿಲ್ಲ. ಆಗ ನನ್ನ ತಲೆಯಲ್ಲಿ ಎರಡನೇ ದೀಪ ಹೊತ್ತಿಕೊಂಡಿತು. (ಮೊದಲನೆಯದೇ ಸಾಕಾಗಿತ್ತು ಎಂದು ಈಗ ಅನ್ನಿಸುತ್ತದೆ.) ಫೋನಿನಲ್ಲಿ ದಿಕ್ಕು ತೋರಿಸುವ ಮುಳ್ಳನ್ನು ತೆರೆದು ಮಾವನ ಮುಂದೆ ಹಿಡಿದೆ.

"ನೋಡಿ ಮಾವ, ಮನೆ ಮುಂದೆ ಗಾಡಿ ಪೂರ್ವಕ್ಕಿತ್ತು. ಈಗ ಪಶ್ಚಿಮಕ್ಕೆ ತಿರುಗಿದೆ. ನೈಋತ್ಯ ಈಗ ಮುಂದಿನ ಎಡಮೂಲೆಗೆ ಬಂದಿದೆ. ನಿಮ್ಮ ಕಲ್ಲು ಈಶಾನ್ಯದಲ್ಲಿ ಕೂತಿದೆ."

ಮಾವನ ಮುಖ ಬಿಳುಚಿತು. ಈಶಾನ್ಯದಲ್ಲಿ ಭಾರ. ಅವರು ಫೋನನ್ನು ಕಿತ್ತುಕೊಂಡು ಮುಳ್ಳನ್ನು ಎರಡು ಸಲ ನೋಡಿದರು, ಸೂರ್ಯನನ್ನು ಒಂದು ಸಲ ನೋಡಿದರು. ಟೀ ಅಂಗಡಿಯಲ್ಲಿದ್ದವರನ್ನೆಲ್ಲ ತಾವೇ ಕರೆದು, ಕಲ್ಲು, ಬೀರು, ಮೂಟೆ ಎಲ್ಲವನ್ನೂ ಮುಂದಕ್ಕೆ ಎತ್ತಿಸಿದರು. ಕಳಶ ಹಿಂದಕ್ಕೆ ಹೋಯಿತು. ಗಾಡಿ ಮತ್ತೆ ಹೊರಟಾಗ ಟ್ರೈಲರ್ ಒಳ್ಳೆಯ ಮನೆತನದ ಸೊಸೆಯಂತೆ ನೇರವಾಗಿ ಹಿಂದೆ ಬಂತು. ಕುಮಾರಿಯ ಕಡೆ ವಿಜಯದ ನಗೆ ಬೀರಿದೆ. ಅವಳು ಕಿಟಕಿಯಿಂದ ಆಚೆ ನೋಡುತ್ತಿದ್ದಳು.

ನಾನು ಮಾಡಿದ ತಪ್ಪೆಂದರೆ ಫೋನನ್ನು ವಾಪಸ್ಸು ಪಡೆಯದೆ ಇದ್ದದ್ದು. ರಸ್ತೆ ದಕ್ಷಿಣಕ್ಕೆ ಸ್ವಲ್ಪ ವಾಲಿದ್ದೇ ತಡ, ಹಿಂದಿನಿಂದ ನಿಲ್ಸಿ ನಿಲ್ಸಿ ಎಂಬ ಕೂಗು. ನೈಋತ್ಯ ಈಗ ಬಲಮೂಲೆಗೆ ಸರಿದಿದೆಯಂತೆ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕಾಡಿ ಬೇಡಿ, ನಾನೂ ಒಂದು ಕಡೆ ಹೆಗಲು ಕೊಟ್ಟು, ಕಲ್ಲನ್ನು ಎಡದಿಂದ ಬಲಕ್ಕೆ ಸರಿಸಿ ಹಗ್ಗ ಬಿಗಿದೆ. ಹೊಸ ಪಂಚೆಗೆ ಎಣ್ಣೆ ಜಿಡ್ಡು ಬಳಿದುಕೊಂಡಿತು. ಸ್ವಲ್ಪ ದೂರದಲ್ಲೇ ರಸ್ತೆ ಪಶ್ಚಿಮಕ್ಕೆ ತಿರುಗಿತು. ಕಲ್ಲನ್ನು ಬಲದಿಂದ ಎಡಕ್ಕೆ ತರಬೇಕೆಂದರು. ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಇಷ್ಟೊಂದು ತಿರುವುಗಳಿವೆಯೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಅತ್ತ ಗುಂಡ್ಲುಪೇಟೆಯಿಂದ ನೆಂಟರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕುಮಾರಿಯನ್ನು ಕೇಳುತ್ತಿದ್ದರು. ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟೆ. ನನ್ನ ಗಾಡಿಯನ್ನು ಯಾರೋ ಕೊಂಡುಕೊಂಡು ಹೋಗುವುದು ಕಣ್ಣಿಗೆ ಕಟ್ಟಿತು.

ಆಗ ಕುಮಾರಿ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದಳು.

"ಅಪ್ಪಾ, ಕಲ್ಲಿಗಿಂತ ತೂಕದೋನು ನೀನೇ ಇದ್ದೀಯಲ್ಲ. ನೀನು ನೈಋತ್ಯದಲ್ಲಿ ಕೂತ್ಕೊಂಡ್ರೆ ಆಯ್ತು. ಕಲ್ಲು ಯಾಕೆ ಎತ್ಬೇಕು?"

ಮಾವ ಯೋಚಿಸಿದರು. ಮಗಳ ಮಾತಿನಲ್ಲಿ ಶಾಸ್ತ್ರವೂ ಇತ್ತು, ಅವರ ಘನತೆಗೆ ಮರ್ಯಾದೆಯೂ ಇತ್ತು. ಸರಿ ಎಂದರು. ಅಲ್ಲಿಂದ ಮುಂದೆ ಕಲ್ಲು ಟ್ರೈಲರಿನ ಮುಂಭಾಗದ ನಡುವೆ ಕೂತಿತು, ಮಾವ ಓಡಾಡತೊಡಗಿದರು. ಓಡುವ ಗಾಡಿಯಲ್ಲಿ ಯಾರೂ ಏಳಕೂಡದು ಎಂದು ನಾನು ಹಟ ಹಿಡಿದಿದ್ದರಿಂದ, ರಸ್ತೆ ವಾಲಿದಾಗಲೆಲ್ಲ ಪಕ್ಕಕ್ಕೆ ನಿಲ್ಲಿಸುವುದು, ಮಾವ ಬೆಲ್ಟು ಬಿಚ್ಚಿ ಎಡದ ಕಿಟಕಿಯಿಂದ ಬಲದ ಕಿಟಕಿಗೆ ಬರುವುದು, ಬಲದ ಕಿಟಕಿಯಲ್ಲಿದ್ದ ಅತ್ತೆ ಎದ್ದು ಎಡಕ್ಕೆ ಹೋಗುವುದು, ನಡುವಿನ ಶಿವಾನಿಯ ಕಾಲನ್ನು ಇಬ್ಬರೂ ತುಳಿಯುವುದು. ಒಂಬತ್ತು ಸೀಟಿನ ಗಾಡಿ ಕೊಂಡದ್ದು ಸಾರ್ಥಕವಾಯಿತು ಎಂದು ನಾನು ಹೇಳಿದ್ದನ್ನು ಯಾರೂ ಮೆಚ್ಚಲಿಲ್ಲ.

ತೆರಕಣಾಂಬಿ ಹತ್ತಿರವಾದಾಗ ಮಾವ ಮತ್ತೆ ಮುಳ್ಳು ನೋಡಿ ಬೆಲ್ಟಿಗೆ ಕೈ ಹಾಕಿದರು. ಅತ್ತೆ ಅಲ್ಲಾಡಲಿಲ್ಲ.

"ನಾನೇನ್ ಚೌಕಾಬಾರದ ಕಾಯಾ, ಅತ್ಲಾಗೆ ಇತ್ಲಾಗೆ ನಡುಸಕೆ? ಯಾವ್ ದಿಕ್ಕಾರ ಇರ್ಲಿ, ನಾ ಇನ್ನು ಏಳಕಿಲ್ಲ. ಫೋನ ಅಳಿಯಂದ್ರಿಗೆ ಕೊಟ್ಬುಡಿ."

ಅಷ್ಟು ವರ್ಷಗಳ ವಾಸ್ತುಶಾಸ್ತ್ರ ಅಲ್ಲಿಗೆ ಮುಗಿಯಿತು. ಮಾವ ಫೋನ್ ಕೊಟ್ಟು, ಇದ್ದ ದಿಕ್ಕಿನಲ್ಲೇ ಕಣ್ಣು ಮುಚ್ಚಿದರು. ತೆರಕಣಾಂಬಿಯಲ್ಲಿ ಮಹಾಲಿಂಗನನ್ನು ಹತ್ತಿಸಿಕೊಂಡು ಗುಂಡ್ಲುಪೇಟೆ ಮುಟ್ಟಿದಾಗ ಒಂಬತ್ತು ಗಂಟೆ ದಾಟಿತ್ತು. ಬಡಾವಣೆಯ ತಿರುವಿನಲ್ಲಿ ಶಾಮಿಯಾನ ಕಂಡು ನನ್ನ ಕಣ್ಣು ಒದ್ದೆಯಾಯಿತು.

ಹತ್ತಿರ ಹೋದ ಮೇಲೆ ಗೊತ್ತಾಯಿತು, ಶಾಮಿಯಾನವನ್ನು ನೆಂಟರು ರಸ್ತೆಗೆ ಅಡ್ಡವಾಗಿಯೇ ಹಾಕಿಬಿಟ್ಟಿದ್ದರು. ಗೇಟಿನ ಹತ್ತಿರ ಕಲ್ಲು ಇಳಿಸಬೇಕಾದರೆ ಹಿಂದಿನ ಅಡ್ಡರಸ್ತೆಯಿಂದ ಟ್ರೈಲರನ್ನು ರಿವರ್ಸಿನಲ್ಲಿ ಒಳಗೆ ತೂರಿಸಬೇಕು. ಬಾರದಂತೆ ಬಾಳುತ್ತೇನೆಂದುಕೊಂಡಿದ್ದ ಪ್ರಸಂಗ ಬಂದೇಬಿಟ್ಟಿತು. ನೋಡಲು ಇಡೀ ಬಂಧುಬಳಗ ಸಾಲಾಗಿ ನಿಂತಿತು. ಎಡಕ್ಕೆ ಎಂದು ಒಬ್ಬರು, ಬಲಕ್ಕೆ ಎಂದು ಒಬ್ಬರು, ಕಟ್ ಮಾಡಿ ಎಂದು ಇನ್ನೊಬ್ಬರು. ಹಾಗೆ ನಿಂತ ಗಂಡಸರಲ್ಲಿ ಒಬ್ಬರಿಗೂ ಟ್ರೈಲರ್ ಗೊತ್ತಿರಲಿಲ್ಲ, ಸಲಹೆ ಮಾತ್ರ ಎಲ್ಲರಿಗೂ ಗೊತ್ತಿತ್ತು. ನಾನು ಹಿಂದೆ ಹೋದೆ, ಮುಂದೆ ಬಂದೆ. ಕೊನೆಗೊಮ್ಮೆ ಗಾಡಿಯೂ ಟ್ರೈಲರೂ ಮಡಿಸಿದ ಮೊಣಕೈಯಂತಾಗಿ, ಒಂದಕ್ಕೊಂದು ಮುಖ ತಿರುಗಿಸಿಕೊಂಡು ನಿಂತವು. ಚಪ್ಪರದ ಬಾಳೆಕಂಬಕ್ಕೂ ಟ್ರೈಲರಿಗೂ ನಡುವೆ ಗೇಣು ಜಾಗ ಉಳಿದಿತ್ತು. ಒಳಗಿನಿಂದ ಅಯ್ನೋರು ಹೇಳಿ ಕಳಿಸಿದರು, ಇನ್ನು ಕಾಯುವ ಹಾಗಿಲ್ಲವಂತೆ.

ಮಹಾಲಿಂಗ ಗಾಡಿಯಿಂದ ಇಳಿದ. ಟ್ರೈಲರಿನ ಚಕ್ರಗಳಿಗೆ ಇಟ್ಟಿಗೆ ಒತ್ತುಕೊಟ್ಟು, ಮುಂದಿನ ಕಾಲು ಇಳಿಸಿ, ಸರಪಳಿ ವೈರುಗಳನ್ನು ಬಿಚ್ಚಿ ಕೊಂಡಿಯನ್ನು ಕಳಚಿದ. ಸಲಹೆ ಕೊಡುತ್ತಿದ್ದವರನ್ನೆಲ್ಲ ಕರೆದು ಟ್ರೈಲರಿಗೆ ಕೈ ಹಚ್ಚಿಸಿ, ಇಟ್ಟಿಗೆ ತೆಗೆದ. ಅದು ಮದುಮಗಳ ಮೆರವಣಿಗೆಯಂತೆ ಮೆಲ್ಲಗೆ ಶಾಮಿಯಾನದೊಳಗೆ ಹೋಯಿತು. ನಾನೊಬ್ಬನೇ ಅಡ್ಡರಸ್ತೆಯಲ್ಲಿ ಸ್ಟೀರಿಂಗ್ ಹಿಡಿದುಕೊಂಡು ಕೂತಿದ್ದೆ. ಒಂಬತ್ತೂವರೆಯೊಳಗೇ ಕಲ್ಲು ಹೊಸ್ತಿಲು ದಾಟಿತಂತೆ, ಹಾಲು ಉಕ್ಕಿತಂತೆ. ಒಳಗಿನ ಗದ್ದಲದಿಂದ ನನಗೆ ತಿಳಿಯಿತು.

ಊಟದ ಹೊತ್ತಿಗೆ ಕುಮಾರಿ ನನ್ನ ಎಲೆಗೆ ಪಾಯಸ ಬಡಿಸಲು ಬಂದವಳು ಬಗ್ಗಿ, ಗಾಡಿ ಇರಲಿ ಬಿಡಿ ಎಂದಳು. ಅಷ್ಟು ಸಿಹಿಯಾದ ಪಾಯಸವನ್ನು ನಾನು ಜನ್ಮದಲ್ಲಿ ಉಂಡಿರಲಿಲ್ಲ. ಅವಳು ಇನ್ನೊಂದು ಸೌಟು ಹಾಕುತ್ತಾ, ನನಗೂ ಓಡಿಸೋದು ಕಲಿಸಿ, ಲೈಸೆನ್ಸ್ ಸುಮ್ಮನೆ ಬೀರುವಿನಲ್ಲಿ ಕೂತಿದೆ ಎಂದಳು. ಅದಕ್ಕೇನಂತೆ ಎಂದುಬಿಟ್ಟೆ. ಗೆದ್ದವನಿಗೆ ಉದಾರಿಯಾಗಲು ಖರ್ಚೇನೂ ಇಲ್ಲ ಎಂದು ನಾನು ಆಗ ತಿಳಿದಿದ್ದೆ.

ಕಲಿಸಿದೆ. ನೋಡಿದ ವಿಡಿಯೋಗಳ ಸಾರವನ್ನೆಲ್ಲ ಧಾರೆಯೆರೆದೆ. ರಿವರ್ಸಿನಲ್ಲಿ ಸ್ಟೀರಿಂಗಿನ ಕೆಳತುದಿಯನ್ನು ಹಿಡಿದು, ಟ್ರೈಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈಯನ್ನು ಸರಿಸಬೇಕು ಎಂದೂ ಹೇಳಿಕೊಟ್ಟೆ. ನನಗೆ ಎಂದೂ ದಕ್ಕದ ಆ ವಿದ್ಯೆ ಅವಳಿಗೆ ಒಂದೇ ವಾರದಲ್ಲಿ ದಕ್ಕಿತು. ಇಷ್ಟು ಸುಲಭಕ್ಕೆ ಅವತ್ತು ಅಷ್ಟು ರಂಪ ಯಾಕೆ ಮಾಡಿದಿರಿ ಎಂದು ಕೇಳಿದಳು. ಸುದ್ದಿ ಉಮ್ಮತ್ತೂರಿಗೆ ಮುಟ್ಟಿತು. ಅಲ್ಲಿಂದ ಮುಂದೆ ಅವಳ ತವರಿನವರ ಬಾಳೆಗೊನೆ, ತೆಂಗಿನಕಾಯಿ, ದೊಡ್ಡಮ್ಮನ ಮಂಚ, ತಮ್ಮನ ಅತ್ತೆಯ ಹೊಲಿಗೆಯಂತ್ರ, ಎಲ್ಲಕ್ಕೂ ನಮ್ಮ ಗಾಡಿ, ಮಹಾಲಿಂಗನ ಟ್ರೈಲರ್. ಸ್ಕೂಲಿಗೆ ರಜೆ ಬಂದರೆ ಗಾಡಿಗೆ ರಜೆ ಇಲ್ಲ. ನನ್ನ ಕಾರ್ಖಾನೆಗೆ ಮಾತ್ರ ಆ ದಿನಗಳಲ್ಲಿ ರಜೆ ಇರುವುದಿಲ್ಲ.

ಮೊನ್ನೆ ಶನಿವಾರ, ಸ್ಕೂಲಿಗೆ ರಜೆ, ಗುಂಡ್ಲುಪೇಟೆಯಿಂದ ನಾನು ಕೆಲಸಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಕೂರಲು ಸೀಟಿರಲಿಲ್ಲ, ಕಂಬಿ ಹಿಡಿದು ಜೋತಾಡುತ್ತಿದ್ದೆ. ತೆರಕಣಾಂಬಿ ದಾಟಿದ ಮೇಲೆ ನಮ್ಮ ಬಸ್ಸು ಮುಂದೆ ಹೋಗುತ್ತಿದ್ದ ಒಂದು ದೊಡ್ಡ ಗಾಡಿಯ ಪಕ್ಕಕ್ಕೆ ಬಂತು. ಹಿಂದೆ ಟ್ರೈಲರ್, ಭಾರವೆಲ್ಲ ಮುಂದಕ್ಕೆ, ಹಗ್ಗ ಬಿಗಿಯಾಗಿತ್ತು, ವೇಗ ಹದವಾಗಿತ್ತು. ಸ್ಟೀರಿಂಗಿನ ಹಿಂದೆ ಕುಮಾರಿ ಕಪ್ಪು ಕನ್ನಡಕ ಹಾಕಿಕೊಂಡು ರಸ್ತೆಯ ಮೇಲೇ ಕಣ್ಣಿಟ್ಟಿದ್ದಳು. ಪಕ್ಕದಲ್ಲಿ ಮಾವ, ಹಿಂದೆ ಅತ್ತೆ, ಅವಳ ತಮ್ಮ, ತಮ್ಮನ ಹೆಂಡತಿ, ಚಿಕ್ಕಮ್ಮಂದಿರು. ಮೂಲೆಯಲ್ಲಿ ಶಿವಾನಿ ಕಡಲೆಕಾಯಿ ತಿನ್ನುತ್ತಿದ್ದಳು. ಒಂದು ಸೀಟೂ ಖಾಲಿ ಇರಲಿಲ್ಲ.

ಅತ್ತೆ ನನ್ನನ್ನು ಗುರುತಿಸಿ ಕೈ ಬೀಸಿದರು. ನಾನು ಕಂಬಿ ಬಿಟ್ಟು ಬೀಸಲು ಹೋಗಿ ಪಕ್ಕದವರ ಮೇಲೆ ಬಿದ್ದೆ. ಅವರು ನನ್ನನ್ನು ಎತ್ತಿ ನಿಲ್ಲಿಸಿ, ಕಿಟಕಿಯಾಚೆ ತೋರಿಸಿ ಹೇಳಿದರು: "ಎಂಗ್ ನೀಟಾಗಿ ಓಡುಸ್ತಾವ್ರೆ ನೋಡಿ ಸಾರ್ ಆಯಮ್ಮ. ಅವ್ರ ಯಜಮಾನ್ರು ಪುಣ್ಯ ಮಾಡಿದ್ರು, ಆರಾಮಾಗ್ ಕೂತ್ಕಂಡು ಓಯ್ತಿರ್‍ತಾರೆ."

ನಾನು ಹೌದೆಂದು ತಲೆಯಾಡಿಸಿ, ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡೆ.